ಮನೆಯ ಹವಾಮಾನ ಕೇಂದ್ರದಲ್ಲಿ ರಾತ್ರಿಯ ನೆಲದ ತಾಪಮಾನ ಅಳೆಯುವುದು ಹೇಗೆ?

ಕಂಬದ ಮೇಲಿನ ಸೆನ್ಸರ್ ಕನಿಷ್ಠ 4 ಡಿಗ್ರಿ ಎಂದು ತೋರಿಸಿದ ಬೆಳಿಗ್ಗೆಯೇ ಹುಲ್ಲಿನ ಮೇಲೆ ಬಿಳಿ ಹಿಮ ಕೂತಿರುತ್ತದೆ, ಸೆನ್ಸರ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕೆಟ್ಟಿಲ್ಲ. ಅದು ನೆಲದಿಂದ ಒಂದೂವರೆ–ಎರಡು ಮೀಟರ್ ಮೇಲಿನ ಗಾಳಿಯನ್ನು, ಅದೂ ನೆರಳಿನ ಗೂಡಿನೊಳಗೆ ಕೂತು, ಸರಿಯಾಗಿಯೇ ಅಳೆಯುತ್ತಿದೆ. ಮೋಡವಿಲ್ಲದ, ಗಾಳಿ ಆಡದ ರಾತ್ರಿಯಲ್ಲಿ ಹುಲ್ಲು ತನ್ನ ಶಾಖವನ್ನು ಇನ್‌ಫ್ರಾರೆಡ್ ಕಿರಣಗಳ ರೂಪದಲ್ಲಿ ಆಕಾಶಕ್ಕೆ ಬಿಡುತ್ತಲೇ ಇರುತ್ತದೆ. ಆಕಾಶದಿಂದ ವಾಪಸು ಬರುವುದನ್ನು ಕಳೆದ ಮೇಲೂ ಚದರ ಮೀಟರಿಗೆ 50ರಿಂದ 100 ವಾಟ್‌ನಷ್ಟು ನಷ್ಟ ಸಾಮಾನ್ಯ. ಮಣ್ಣಿನಲ್ಲಿ ಉಳಿದಿರುವ ಬಿಸಿ ಮೇಲೇರಲು ಹುಲ್ಲಿನ ನಡುವೆ ಸಿಕ್ಕಿಕೊಂಡ ಗಾಳಿ ಬಿಡುವುದಿಲ್ಲ. ಹಾಗಾಗಿ ಹುಲ್ಲಿನ ತುದಿ ಮೇಲಿನ ಗಾಳಿಗಿಂತ 3–5 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಣ್ಣಗಾಗುತ್ತದೆ. ಮೋಡ ಕವಿದರೆ ಅಥವಾ ಗಾಳಿ ಎದ್ದರೆ ಈ ಅಂತರ ಬಹುಮಟ್ಟಿಗೆ ಮಾಯವಾಗುತ್ತದೆ.

ಮೊದಲು ಯಾವುದನ್ನು ಅಳೆಯಬೇಕು ಎಂದು ತೀರ್ಮಾನಿಸಿ. ಹುಲ್ಲಿನ ತುದಿಯ ಕನಿಷ್ಠ, ಬರಿ ಮಣ್ಣಿನ ಮೇಲ್ಮೈಯ ಕನಿಷ್ಠ, ಮಣ್ಣಿನೊಳಗಿನ ತಾಪಮಾನ, ಇವು ಮೂರೂ ಬೇರೆ ಬೇರೆ. ಸಣ್ಣ ಗಿಡಗಳಿಗೆ ಹಿಮ ಬೀಳುತ್ತದೆಯೇ ಎಂದು ತಿಳಿಯಬೇಕಾದರೆ ಮೊದಲನೆಯದು ಬೇಕು. ಅದಕ್ಕೆ ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿ ಸ್ಪಷ್ಟವಾಗಿದೆ: ಕತ್ತರಿಸಿದ ಗಿಡ್ಡ ಹುಲ್ಲಿನ ಮೇಲೆ, ನೆಲದಿಂದ 25–50 ಮಿ.ಮೀ. ಎತ್ತರದಲ್ಲಿ, ಹುಲ್ಲಿನ ತುದಿಗೆ ತಾಗುವಂತೆ, ತೆರೆದ ಆಕಾಶದ ಕೆಳಗೆ. ಮೇಲೆ ಮುಚ್ಚಳ, ಡಬ್ಬಿ, ರೇಡಿಯೇಶನ್ ಶೀಲ್ಡ್ (ಕಂಬದ ಸೆನ್ಸರ್ ಕೂತಿರುವಂಥ ನೆರಳಿನ ಗೂಡು) ಯಾವುದೂ ಇರಬಾರದು. ಗಾಳಿಯ ತಾಪಮಾನದ ಸೆನ್ಸರ್‌ಗೆ ಶೀಲ್ಡ್ ಬೇಕೇ ಬೇಕು ಎಂದು ಕಲಿತವರು ಇಲ್ಲೂ ಒಂದನ್ನು ಹಾಕಿಬಿಡುತ್ತಾರೆ. ಹಾಕಿದರೆ ಯಾವುದನ್ನು ಅಳೆಯಬೇಕಿತ್ತೋ ಅದನ್ನೇ ತಡೆದಂತಾಗುತ್ತದೆ.

ಸ್ಪಿರಿಟ್ ತುಂಬಿದ ಗಾಜಿನ ಕನಿಷ್ಠ ಥರ್ಮಾಮೀಟರ್ ಇದ್ದರೆ ಅದು ಈಗಲೂ ಒಳ್ಳೆಯ ಸಾಧನವೇ. ಬಲ್ಬಿನ ಕಡೆ ಸುಮಾರು 2 ಡಿಗ್ರಿ ಕೋನದಷ್ಟು ತಗ್ಗಿರಲಿ. ಸೂರ್ಯಾಸ್ತಕ್ಕೆ ಸ್ವಲ್ಪ ಮುಂಚೆ ಹೊರಗಿಟ್ಟು ಬೆಳಿಗ್ಗೆ ಓದಿ ಒಳಗೆ ತನ್ನಿ. ಹಗಲು ಬಿಸಿಲಿನಲ್ಲೇ ಬಿಟ್ಟರೆ ಸ್ಪಿರಿಟ್ ಆವಿಯಾಗಿ ಕೊಳವೆಯ ಮೇಲ್ತುದಿಯಲ್ಲಿ ಹನಿಗಟ್ಟುತ್ತದೆ. ಆಮೇಲೆ ಅದು ತೋರಿಸುವುದೆಲ್ಲ ನಿಜಕ್ಕಿಂತ ಕಡಿಮೆ.

ತಾನಾಗಿ ದಾಖಲಾಗಬೇಕು ಎಂದರೆ ಸ್ಟೀಲ್ ಕೊಳವೆಯಲ್ಲಿ ಬರುವ ಡಿಎಸ್18ಬಿ20 ಎಂಬ ಡಿಜಿಟಲ್ ತಾಪಮಾನ ಸೆನ್ಸರ್ ಚಿಪ್ ಸಾಕು. ಮೈನಸ್ 10ರಿಂದ 85 ಡಿಗ್ರಿವರೆಗೆ ಅದರ ನಿಖರತೆ ±0.5 ಡಿಗ್ರಿ, ಮಂಜುಗಡ್ಡೆಯಲ್ಲಿ ತಾಳೆ ನೋಡಿಕೊಂಡರೆ (ವಿಧಾನ ಕೆಳಗಿದೆ) ಸೊನ್ನೆಯ ಆಸುಪಾಸಿನಲ್ಲಿ ಇದಕ್ಕಿಂತ ಚೆನ್ನಾಗಿ ನಂಬಬಹುದು. ನಿಜವಾದ ತೊಂದರೆ ಇರುವುದು ಚಿಪ್‌ನಲ್ಲಲ್ಲ, ಆ ಹೊಳೆಯುವ ಸ್ಟೀಲಿನಲ್ಲಿ. ಹುಲ್ಲು, ಮಣ್ಣು, ಗಾಜು ಇವೆಲ್ಲ ಇನ್‌ಫ್ರಾರೆಡ್ ಶಾಖವನ್ನು ಸುಲಭವಾಗಿ ಹೊರಬಿಡುತ್ತವೆ (ಆದರ್ಶ ಕಪ್ಪು ವಸ್ತುವಿಗೆ ಹೋಲಿಸಿದರೆ ಶೇ. 90ಕ್ಕೂ ಹೆಚ್ಚು). ಪಾಲಿಶ್ ಮಾಡಿದ ಸ್ಟೀಲ್ ಬಿಡುವುದು ಶೇ. 10–30ರಷ್ಟು ಮಾತ್ರ. ಹಾಗಾಗಿ ಅದು ಹುಲ್ಲಿನ ಜೊತೆ ತಣಿಯದೆ, ಸುತ್ತಲಿನ ಗಾಳಿಯ ತಾಪಮಾನಕ್ಕೆ ಅಂಟಿಕೊಂಡು ಬೆಚ್ಚಗೆ ಉಳಿಯುತ್ತದೆ. ಅದರ ಮೇಲೆ ಇಬ್ಬನಿ ಕೂತರೆ ನೀರಿನ ಪದರ ಚೆನ್ನಾಗಿ ಶಾಖ ಬಿಡುವುದರಿಂದ ನಡುರಾತ್ರಿಯಲ್ಲಿ ಅದರ ವರ್ತನೆಯೇ ಬದಲಾಗುತ್ತದೆ. ಪರಿಹಾರ ಸುಲಭ: ಕೊಳವೆಯನ್ನು ಮರಳು ಕಾಗದದಿಂದ ಉಜ್ಜಿ, ಹೊಳಪಿಲ್ಲದ ಬಿಳಿ ಪೇಂಟನ್ನು ತೆಳ್ಳಗೆ ಎರಡು ಕೋಟ್ ಹಚ್ಚಿ. ಕಣ್ಣಿಗೆ ಬಿಳಿ ಕಂಡರೂ ಇನ್‌ಫ್ರಾರೆಡ್‌ನಲ್ಲಿ ಅದು ಕಪ್ಪು ಬಣ್ಣದಷ್ಟೇ ಶಾಖ ಹೊರಬಿಡುತ್ತದೆ, ಬೆಳಗಿನ ಎಳೆ ಬಿಸಿಲಿಗೆ ಮಾತ್ರ ಕಪ್ಪಿನಷ್ಟು ಬೇಗ ಕಾಯುವುದಿಲ್ಲ. ಎರಡು ಸೆನ್ಸರ್ ಇದ್ದರೆ ಒಂದಕ್ಕೆ ಬಣ್ಣ ಹಚ್ಚಿ ಇನ್ನೊಂದನ್ನು ಹಾಗೇ ಬಿಟ್ಟು, ಶುಭ್ರ ರಾತ್ರಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಗ್ರಾಫಿನಲ್ಲೇ ಕಾಣುತ್ತದೆ. ಸೆನ್ಸರ್ ಕಂಪನಿ ಯಾವುದು ಎಂಬುದಕ್ಕಿಂತ ಈ ಕೆಲಸ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳವೆಯನ್ನು ವೈ ಆಕಾರದ ಎರಡು ಸಣ್ಣ ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಗಳ ಮೇಲೆ ಅಡ್ಡಲಾಗಿ ಕೂರಿಸಿ. ಕಬ್ಬಿಣದ ಗೂಟ ಬೇಡ, ಅದು ಮಣ್ಣಿನ ಬಿಸಿಯನ್ನು ಮೇಲಕ್ಕೆ ತರುತ್ತದೆ. ಕೇಬಲ್ಲಿನ ತಾಮ್ರವೂ ಅದನ್ನೇ ಮಾಡುತ್ತದೆ, ಆದ್ದರಿಂದ ಮೊದಲ 30 ಸೆಂ.ಮೀ. ಕೇಬಲ್ ಸೆನ್ಸರ್ ಇರುವ ಎತ್ತರದಲ್ಲೇ ಸಾಗಲಿ, ಆಮೇಲೆ ನೆಲಕ್ಕಿಳಿಯಲಿ. ಗೋಡೆ, ಮರ, ಬೇಲಿಗಳೂ ರಾತ್ರಿಯಿಡೀ ಶಾಖ ಬಿಡುತ್ತವೆ, ಆಕಾಶವನ್ನೂ ಮರೆಮಾಡುತ್ತವೆ. ಅವುಗಳ ಎತ್ತರದ ಎರಡರಷ್ಟಾದರೂ ದೂರ ಇರಲಿ. ಹುಲ್ಲು ಬೆಳೆದು ಸೆನ್ಸರನ್ನು ಮುಚ್ಚಿದರೆ ರೀಡಿಂಗ್ ಸದ್ದಿಲ್ಲದೆ ಏರತೊಡಗುತ್ತದೆ, ಗ್ರಾಫ್ ನೋಡಿದರೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಬಗ್ಗಿ ನೋಡಿ, ಕತ್ತರಿಸಿ. ಹಿಮ ಬಿದ್ದು ನೆಲ ಮುಚ್ಚಿದರೆ ಸೆನ್ಸರನ್ನು ಎತ್ತಿ ಹಿಮದ ಮೇಲ್ಮೈಗೆ ತಾಗದಂತೆ ಅದರ ತೀರಾ ಹತ್ತಿರ ಮೇಲಿಡಬೇಕು, ಹೂತುಹೋಗಲು ಬಿಡಬಾರದು.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೇಟಾ ವೈರಿಗೂ ಪವರ್ ವೈರಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್; 3.3 ವೋಲ್ಟ್‌ನಲ್ಲಿ ಉದ್ದ ಕೇಬಲ್ ಎಳೆದು ರೀಡಿಂಗ್ ತಪ್ಪುತ್ತಿದ್ದರೆ 2.2 ಕಿಲೋಓಮ್ ಹಾಕಿ ನೋಡಿ. ಮೂರೂ ವೈರ್ (ಪವರ್, ಗ್ರೌಂಡ್, ಡೇಟಾ) ಜೋಡಿಸಿ, ಎರಡು ವೈರಿನಲ್ಲಿ ನಡೆಸುವ ಉಳಿತಾಯ ಹೊರಾಂಗಣಕ್ಕೆ ಬೇಡ. ನಿಮಿಷಕ್ಕೊಮ್ಮೆ ಓದಿದರೆ ಸಾಕು. ಬಿಡುವಿಲ್ಲದೆ ಓದುತ್ತಿದ್ದರೆ ಚಿಪ್ ತನ್ನದೇ ಕರೆಂಟಿನಿಂದ ಬಿಸಿಯಾಗುತ್ತದೆ. ಕೇಬಲ್ ಕೊಳವೆಯೊಳಗೆ ಹೋಗುವ ಬಾಯಿಯನ್ನು ಎಪಾಕ್ಸಿ ಅಂಟು ತುಂಬಿ, ಮೇಲೆ ಒಳಬದಿಯಲ್ಲಿ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಹಾಕಿ ಮುಚ್ಚಿ. ಹಗಲು ಕಾದು ರಾತ್ರಿ ತಣಿಯುವಾಗ ಕೊಳವೆ ಅಲ್ಲಿಂದಲೇ ತೇವ ಎಳೆದುಕೊಳ್ಳುತ್ತದೆ.

ಓದುವುದರಲ್ಲಿ ಎಡವಟ್ಟಾದಾಗ ಎರಡು ಸಂಖ್ಯೆಗಳು ಕಾಣುತ್ತವೆ. 85 ಬಂದರೆ, ಪವರ್ ಕ್ಷಣಕಾಲ ಹೋಗಿದೆ ಅಥವಾ ಅಳತೆ ಮುಗಿಯುವ ಮೊದಲೇ ಓದಿದ್ದೀರಿ (12 ಬಿಟ್, ಅಂದರೆ ಅತಿ ಸೂಕ್ಷ್ಮ, ಅಳತೆಗೆ 750 ಮಿಲಿಸೆಕೆಂಡ್ ಬೇಕು). ಸೆನ್ಸರನ್ನು ಆರ್ಡುಯಿನೊ (ಸಣ್ಣ ಪ್ರೋಗ್ರಾಂ ಮಾಡಬಲ್ಲ ಬೋರ್ಡ್) ಮೂಲಕ ಓದುವ ಸಿದ್ಧ ಲೈಬ್ರರಿಯಲ್ಲಿ ಮೈನಸ್ 127 ಬಂದರೆ ಸೆನ್ಸರ್ ಉತ್ತರವನ್ನೇ ಕೊಡುತ್ತಿಲ್ಲ. ಇವೆರಡನ್ನೂ ಪ್ರೋಗ್ರಾಂನಲ್ಲೇ ತಿರಸ್ಕರಿಸಿ. ಇಲ್ಲವಾದರೆ ಒಂದೇ ಒಂದು ಮೈನಸ್ 127 ಆ ರಾತ್ರಿಯ ದಾಖಲೆಯಾಗಿ ಉಳಿಯುತ್ತದೆ.

ತಾಳೆ ನೋಡಲು ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿ ಮಾಡಿ ಥರ್ಮಾಸ್ ಫ್ಲಾಸ್ಕಿಗೆ ತಳದಿಂದ ಬಾಯಿವರೆಗೂ ತುಂಬಿ. ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಹಾಕಿ. ನೀರು ಹೆಚ್ಚಾಗಿ ಮಂಜುಗಡ್ಡೆ ತೇಲಿದರೆ 4 ಡಿಗ್ರಿಯ ಭಾರವಾದ ನೀರು ತಳ ಸೇರುತ್ತದೆ, ಸೆನ್ಸರ್ ಅದನ್ನೇ ಓದುತ್ತದೆ. ಕೊಳವೆಯನ್ನು ನಡುವೆ, ಗೋಡೆಗೆ ತಾಗದಂತೆ ಇಳಿಸಿ, ಆಗಾಗ ಕದಡುತ್ತ 15–20 ನಿಮಿಷ ಬಿಡಿ. ಆಗ ಬಂದ ರೀಡಿಂಗ್ 0.3 ಆಗಿದ್ದರೆ ಇನ್ನು ಮುಂದೆ ಪ್ರತಿ ರೀಡಿಂಗ್‌ನಿಂದ 0.3 ಕಳೆಯಿರಿ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಇದನ್ನು ಮಾಡಿ.

ದಿನದ ಲೆಕ್ಕವನ್ನು ನಡುರಾತ್ರಿಗೆ ಕತ್ತರಿಸಬೇಡಿ. ರಾತ್ರಿ 12ರ ಹೊತ್ತಿಗೆ ತೀರಾ ತಣ್ಣಗಿದ್ದು ಆಮೇಲೆ ಮೋಡ ಕವಿದರೆ, ಅದೇ ಚಳಿ ಎರಡು ದಿನಗಳ ಕನಿಷ್ಠವಾಗಿ ದಾಖಲಾಗುತ್ತದೆ. ಸಂಜೆ 6ರಿಂದ ಮರುದಿನ ಬೆಳಿಗ್ಗೆ 9ರವರೆಗಿನ ಕನಿಷ್ಠವನ್ನು ತೆಗೆದು, ಬೆಳಗಿನ ತಾರೀಖಿಗೆ ಬರೆಯಿರಿ.

ಮಣ್ಣಿನೊಳಗೂ ಅಳೆಯುವುದಾದರೆ 5, 10, 20 ಸೆಂ.ಮೀ. ಆಳ ರೂಢಿಯಲ್ಲಿರುವವು. ಗುಂಡಿ ತೋಡಿ, ಕದಡದ ಪಕ್ಕದ ಗೋಡೆಯೊಳಗೆ ಸೆನ್ಸರನ್ನು ಅಡ್ಡಲಾಗಿ ತೂರಿಸಿ, ಮಣ್ಣನ್ನು ತೆಗೆದ ಪದರಗಳ ಕ್ರಮದಲ್ಲೇ ತುಂಬಿ ಒತ್ತಿ. ಮೇಲಿನಿಂದ ನೇರ ಚುಚ್ಚಿದರೆ ಸ್ಟೀಲ್ ಮತ್ತು ಕೇಬಲ್ ಗುಂಟ ಮೇಲಿನ ಶಾಖ, ಮಳೆನೀರು ಎರಡೂ ಇಳಿಯುತ್ತವೆ. ಇಲ್ಲಿ 6ರಿಂದ 9ರ ಲೆಕ್ಕ ನಡೆಯುವುದಿಲ್ಲ. ಚಳಿ ಮಣ್ಣಿನಲ್ಲಿ ನಿಧಾನಕ್ಕೆ ಇಳಿಯುವುದರಿಂದ 10 ಸೆಂ.ಮೀ. ಆಳದ ಕನಿಷ್ಠ ಮೇಲ್ಮೈಗಿಂತ ಸುಮಾರು 3 ಗಂಟೆ ತಡವಾಗಿ, 20 ಸೆಂ.ಮೀ. ಆಳದ್ದು ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ಆ ಸೆನ್ಸರ್‌ಗಳಿಗೆ ಇಡೀ 24 ಗಂಟೆಯ ಕನಿಷ್ಠವನ್ನು, ಅದು ಬಂದ ಸಮಯದೊಂದಿಗೆ ಬರೆದಿಡಿ.