ಓದುಗರ ಗ್ಯಾರೇಜ್: ಹಿಂದಿನಿಂದ ‘ಡಬ್’ ಅನ್ನುವ ಸದ್ದು

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು, ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಎರಡು ವರ್ಷದ ಹಿಂದೆ 2003ರ ಬಿಎಂಡಬ್ಲ್ಯು ಎಂ3 ಕೊಂಡೆ, ಇ46 ಮಾದರಿ. ದಿನಾ ಆಫೀಸಿಗೂ ಅದೇ, ವರ್ಷಕ್ಕೆ ಮೂರ್ನಾಲ್ಕು ಸಲ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕ್‌ಗೂ ಅದೇ. ಈಚೆಗೆ ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಹಿಂದಿನಿಂದ ‘ಡಬ್’ ಅಂತ ಸದ್ದು ಬರುತ್ತಿದೆ. ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ), ಅದನ್ನು ಹೊರುವ ಸಬ್‌ಫ್ರೇಮ್ ಚೌಕಟ್ಟು, ಎರಡರ ಬುಶ್‌ಗಳೂ, ಅಂದರೆ ಅದುರು ತಡೆಯುವ ಮೆತ್ತೆಗಳೂ, ಹೋಗಿವೆ ಅಂದರು ಮೆಕ್ಯಾನಿಕ್. ರಬ್ಬರ್, ಪಾಲಿಯುರಿಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್), ಅಲ್ಯೂಮಿನಿಯಂ ಮೂರೂ ಸಿಗುತ್ತವೆ. ಅಲ್ಯೂಮಿನಿಯಂ ಹಾಕಿಬಿಡು, ಮತ್ತೆ ಮುಟ್ಟೋದೇ ಬೇಡ ಅಂತಾರೆ ಗೆಳೆಯರು. ಏನು ಮಾಡಲಿ?

ಉತ್ತರ: ಗೆಳೆಯರಿಗೇನು, ದಿನಾ ಆ ಕಾರಲ್ಲಿ ಕೂರೋದು ನೀವು ಅಲ್ವಾ?

ಬುಶ್ ಆರ್ಡರ್ ಮಾಡುವ ಮೊದಲು ಕಾರನ್ನು ಲಿಫ್ಟ್ ಮೇಲೆ ಏರಿಸಿ ಒಂದು ಟಾರ್ಚ್ ಹಿಡಿಯಿರಿ. ಇ46ರ ಹಿಂದಿನ ಸಬ್‌ಫ್ರೇಮ್ ನಾಲ್ಕು ಕಡೆ ಕಾರಿನ ತಳದ ತಗಡಿಗೆ ಬೋಲ್ಟ್ ಆಗಿರುತ್ತದೆ. ಆ ನಾಲ್ಕು ಜಾಗದ ಸುತ್ತ ತಗಡು ಬಿರಿಯೋದು, ಸ್ಪಾಟ್ ವೆಲ್ಡ್ ಬಿಟ್ಟುಕೊಳ್ಳೋದು ಈ ಮಾದರಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಾಯಿಲೆ. ಅದೂ ಹೀಗೇ ‘ಡಬ್’ ಅನ್ನುತ್ತದೆ. ತಳಕ್ಕೆ ಬಳಿದ ಕಪ್ಪು ಲೇಪ ಬಿರುಕನ್ನು ಮುಚ್ಚಿಡುತ್ತದೆ, ಹಾಗಾಗಿ ಕೆರೆದು ನೋಡಿಸಿ. ಬಿರುಕಿದ್ದರೆ ಮೊದಲು ಅದನ್ನು ಬೆಸೆದು, ಮೇಲೆ ಉಕ್ಕಿನ ಪಟ್ಟಿ ವೆಲ್ಡ್ ಮಾಡಿಸಬೇಕು. ಅದಕ್ಕೂ ಸಬ್‌ಫ್ರೇಮ್ ಇಳಿಸಲೇಬೇಕು, ಬುಶ್‌ಗೂ ಇಳಿಸಬೇಕು. ಕೂಲಿ ಎರಡು ಸಲ ಯಾಕೆ ಕೊಡ್ತೀರಿ? ಹಾಗೇ ಗೇರ್‌ಬಾಕ್ಸ್ ಹಿಂದೆ, ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೆ ಕೂಡುವ ರಬ್ಬರ್ ಡಿಸ್ಕ್ ಸೀಳಿದೆಯಾ ಅಂತಲೂ ನೋಡಿಸಿ.

ಈಗ ಬುಶ್‌ಗೆ ಬರೋಣ. ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಬುಶ್ ಅಚ್ಚು ಹಾಕಿದವನು. ಯಾರಾದರೂ ‘ಗಟ್ಟಿ ಬುಶ್ ಕೊಡಿ’ ಅಂದರೆ ‘ಅದು ಏನನ್ನು ತಡೀಬೇಕು?’ ಅಂತ ಕೇಳುತ್ತಿದ್ದೆ. ನಿಮ್ಮ ಕಾರಿನದೇ ಲೆಕ್ಕ ಹಾಕೋಣ. ಎಂಜಿನ್ನಿನ ಟಾರ್ಕ್, ಅಂದರೆ ತಿರುಚು ಬಲ, 365 ನ್ಯೂಟನ್ ಮೀಟರ್. ಮೊದಲ ಗೇರ್ ಅದನ್ನು 4.23 ಪಟ್ಟು ಮಾಡುತ್ತದೆ, ಡಿಫರೆನ್ಷಿಯಲ್ ಮತ್ತೆ 3.62 ಪಟ್ಟು. ಗುಣಿಸಿದರೆ ಚಕ್ರಗಳಿಗೆ ಸುಮಾರು 5,590 ನ್ಯೂಟನ್ ಮೀಟರ್. ಚಕ್ರ ಮುಂದಕ್ಕೆ ತಿರುಗುವಾಗ ಡಿಫರೆನ್ಷಿಯಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ, ಮೂಗು ಮೇಲೆತ್ತುತ್ತದೆ. ಒಂದು ಮೀಟರ್ ಹಾರೆಯ ತುದಿಗೆ 570 ಕಿಲೋ ತೂಗುಹಾಕಿದ ಹಾಗೆ. ಅದನ್ನು ಹಿಡಿದಿಡೋದು ಮೂರು ಬುಶ್, ಅವುಗಳ ಹಿಂದೆ ಸಬ್‌ಫ್ರೇಮಿನ ನಾಲ್ಕು. ಆಕ್ಸಲರೇಟರ್ ಬಿಟ್ಟರೆ ಬಲ ತಿರುಗಿಬೀಳುತ್ತದೆ. ರಬ್ಬರ್ ಹರಿದಿದ್ದರೆ ಆ ನಡುವಿನ ಸಡಿಲವೇ ನಿಮಗೆ ಕೇಳುವ ‘ಡಬ್’.

ಗಟ್ಟಿತನವನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ. ಸೂಜಿ ಒತ್ತಿ ನೋಡುವ ಆ ಗೇಜ್ ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಕಂಪನಿ ರಬ್ಬರ್ ಸಾಮಾನ್ಯವಾಗಿ 50ರಿಂದ 70, ರಸ್ತೆಯ ಪಾಲಿಯುರಿಥೇನ್ 80ರ ಆಸುಪಾಸು, ರೇಸ್‌ನದು 95. ಆದರೆ ಈ ಅಂಕಿಯೊಂದನ್ನೇ ನಂಬಬೇಡಿ. ರಬ್ಬರ್ ಬುಶ್‌ನೊಳಗೆ ಬೇಕಂತಲೇ ಖಾಲಿ ಬಿಟ್ಟ ಜಾಗ ಇರುತ್ತದೆ, ಒಂದು ದಿಕ್ಕಿಗೆ ಮೆತ್ತಗೆ, ಇನ್ನೊಂದಕ್ಕೆ ಬಿಗಿ. ಅದಕ್ಕೇ ಹಳೆಯದನ್ನು ತೆಗೆಯುವ ಮುಂಚೆ ದಿಕ್ಕಿಗೆ ಬಣ್ಣದ ಗುರುತು ಹಾಕಿಸಿ.

ನನ್ನ ಮಾತು ಇಷ್ಟು: ಸಬ್‌ಫ್ರೇಮಿಗೆ 80ರ ಪಾಲಿಯುರಿಥೇನ್, ಡಿಫರೆನ್ಷಿಯಲ್‌ಗೆ ಮೂರೂ ಹೊಸ ಕಂಪನಿ ರಬ್ಬರ್. ಸಬ್‌ಫ್ರೇಮ್ ಬಿಗಿಯಾದರೆ ತಿರುವಿನಲ್ಲಿ ಹಿಂಬದಿ ತೇಲೋದು ನಿಲ್ಲುತ್ತದೆ, ಸದ್ದು ಅಷ್ಟೇನೂ ಜಾಸ್ತಿ ಆಗಲ್ಲ. ಡಿಫರೆನ್ಷಿಯಲ್ ಬಿಗಿ ಮಾಡಿದರೆ ಅದರೊಳಗಿನ ಕ್ರೌನ್ ಪಿನಿಯನ್ ಗೇರುಗಳ ಹಲ್ಲುಗಳ ಕೊರಗು ನೇರ ಕಾರಿನೊಳಗೆ ಬರುತ್ತದೆ. ಆಟೋಬಾನ್ ಹೆದ್ದಾರಿಯಲ್ಲಿ ಆಫೀಸ್ ಮುಟ್ಟೋವರೆಗೂ ತಂಬೂರಿ ಮೀಟಿದ ಹಾಗೆ, ಅದೂ ಶ್ರುತಿ ಕೆಟ್ಟ ತಂಬೂರಿ. ಮೂರರಲ್ಲಿ ಒಂದು ಅಲ್ಯೂಮಿನಿಯಂ, ಎರಡು ರಬ್ಬರ್ ಅಂತ ಮಾತ್ರ ಮಾಡಲೇಬೇಡಿ. ಮಣಿಯದ ಒಂದೇ ಕಡೆಗೆ ಭಾರವೆಲ್ಲ ಬಿದ್ದು ಅಲ್ಲಿನ ಬೋಲ್ಟೋ, ಬೋಲ್ಟ್ ಕೂರುವ ಲೋಹದ ಕಿವಿಯೋ ಮುರಿಯುತ್ತದೆ. ಪೂರ್ತಿ ಅಲ್ಯೂಮಿನಿಯಂ ಟ್ರ್ಯಾಕ್‌ಗೇ ಮೀಸಲಾದ ಕಾರಿಗೆ ಸರಿ.

ಇದೇ ಹುಮ್ಮಸ್ಸಿನಲ್ಲಿ ಟ್ರೇಲಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು) ಬುಶ್‌ಗೂ ಪಾಲಿಯುರಿಥೇನ್ ಹಾಕಬೇಡಿ. ಸಬ್‌ಫ್ರೇಮ್ ಬುಶ್ ನಿಂತಲ್ಲೇ ಭಾರ ಹೊರುತ್ತದೆ, ಟ್ರೇಲಿಂಗ್ ಆರ್ಮಿನದು ಚಕ್ರ ಏರಿಳಿದಾಗಲೆಲ್ಲ ತಿರುಚಬೇಕು, ಓರೆಯಾಗಬೇಕು. ಅಲ್ಲಿ ರಬ್ಬರೇ ಸರಿ. ಅದರ ಬೋಲ್ಟನ್ನು ಕಾರು ತನ್ನ ಎತ್ತರದಲ್ಲಿ ನಿಂತಾಗಲೇ ಬಿಗಿಯಬೇಕು. ಬುಶ್ ಮಾಡೋ ನಾನೇ ನನ್ನ ಮಾರುತಿ 800ರ ಲೋಯರ್ ಆರ್ಮ್ ಬೋಲ್ಟನ್ನು, ಚಕ್ರ ನೇತಾಡುವಾಗ, ಜ್ಯಾಕ್ ಮೇಲೇ ಬಿಗಿದಿದ್ದೆ. ನೆಲಕ್ಕಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ಮೂರೇ ತಿಂಗಳಿಗೆ ಹರಿಯಿತು. ಅಚ್ಚು ಹಾಕಿದ್ದೂ ನಾನೇ, ಹಾಳು ಮಾಡಿದ್ದೂ ನಾನೇ. ನನ್ನ ಹೆಂಡತಿ ಇನ್ನೂ ಮರೆತಿಲ್ಲ.

ಇನ್ನೊಂದು: ನಿಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಕಾರಿನ ತಪಾಸಣೆ ಇದೆ. ಪಾಲಿಯುರಿಥೇನ್ ಬುಶ್‌ಗೆ ಒಪ್ಪಿಗೆಯ ಕಾಗದ ಉಂಟಾ ಅಂತ ಕೊಳ್ಳುವಾಗಲೇ ಕೇಳಿ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ: ನನ್ನ ಸ್ವಿಫ್ಟ್‌ಗೆ ಗಟ್ಟಿ ಡಿಫರೆನ್ಷಿಯಲ್ ಬುಶ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಸುಮ್ನೆ ದುಡ್ಡು ಕಳೀಬೇಡಿ. ಸ್ವಿಫ್ಟ್‌ನಲ್ಲಿ ಎಳೆಯೋದು ಮುಂದಿನ ಚಕ್ರ, ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಇದೆ. ಅದಕ್ಕೆ ಬೇರೆ ಬುಶ್ ಇಲ್ಲ, ಆ ತಿರುಚು ಬಲವನ್ನು ತಡೆಯೋದು ಎಂಜಿನ್ ಮೌಂಟ್‌ಗಳು. ಹೊಸ ಮೌಂಟ್‌ನಿಂದ ಜಗ್ಗಾಟ ಕಡಿಮೆಯಾಗುತ್ತದೆ, ಪಿಕಪ್ ಬರಲ್ಲ. ಮೌಂಟ್ ಹೋಗಿದೆಯಾ ನೋಡಬೇಕೇ? ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಟ್ಟು, ಮೊದಲ ಗೇರಲ್ಲೂ ಆಮೇಲೆ ರಿವರ್ಸಲ್ಲೂ ಕ್ಲಚ್ ಒಂಚೂರು ಬಿಡಲು ಒಬ್ಬರಿಗೆ ಹೇಳಿ. ಎಂಜಿನ್ ತೊಟ್ಟಿಲಿನ ಹಾಗೆ ತೂಗಿದರೆ ಮೌಂಟ್ ಹೋಗಿದೆ. ನೋಡೋವಾಗ ಕಾರಿನ ಪಕ್ಕಕ್ಕೆ ನಿಲ್ಲಿ, ಎದುರಿಗೆ ಬೇಡ.