ಮೈಸೂರಲ್ಲಿ ಡಿಟೆಕ್ಟಿವ್ ಏಜೆನ್ಸಿಗೆ ಲೈಸೆನ್ಸ್ ಯಾವುದು?

ಸರಸ್ವತಿಪುರಂನಲ್ಲಿ ಏಜೆನ್ಸಿ ತೆರೆಯೋಕೆ ಪಸಾರಾ (ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ) ಲೈಸೆನ್ಸ್ ಬೇಕಾ ಅಂತ ಕೇಳಿದ್ದೀರಿ. ಬೇಡ ಸಾರ್. 2005ರ ಆ ಕಾಯ್ದೆ ಸೆಕ್ಯೂರಿಟಿ ಗಾರ್ಡ್ ಒದಗಿಸುವವರಿಗೆ. ಪತ್ತೇದಾರರಿಗೆಂದೇ 2007ರಲ್ಲಿ ರಾಜ್ಯಸಭೆಗೆ ಬಂದ ಮಸೂದೆ ಕಾಯ್ದೆಯಾಗಲೇ ಇಲ್ಲ. ಹಾಗಾಗಿ ‘ಸರ್ಕಾರಿ ಮಾನ್ಯತೆ ಪಡೆದ’ ಅಂತ ಬೋರ್ಡ್ ಬರೆಸಬೇಡಿ. ನಿಮಗೆ ಬೇಕಾದ್ದು ಇಷ್ಟು: ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಕಾಯ್ದೆಯ ನೋಂದಣಿ, ಪಾಲಿಕೆಯ ಟ್ರೇಡ್ ಲೈಸೆನ್ಸ್, ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ.

ಜನ ಸಿಕ್ಕಿಬೀಳೋದು ಕಾಗದಪತ್ರದಲ್ಲಲ್ಲ, ಕೆಲಸದಲ್ಲಿ. ಮದುವೆಗೆ ಮುಂಚಿನ ವಿಚಾರಣೆಗೆ ಬಂದವರು ‘ಹುಡುಗನ ಕಾಲ್ ಡೀಟೇಲ್ಸ್ ತೆಗೆಸಿಕೊಡಿ’ ಅಂದೇ ಅಂತಾರೆ. ದುಡ್ಡು ಕೊಟ್ಟು ಮೊಬೈಲ್ ಕಂಪನಿ ಒಳಗಿನವರಿಂದ ತರಿಸಿದಿರೋ, ನೀವೂ ಆರೋಪಿ. ಹೆಣ್ಣುಮಗಳ ಬೆನ್ನು ಬಿದ್ದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 78ನೇ ಕಲಮಿನ ಕೇಸು, ಮಫ್ತಿ ಪೊಲೀಸ್ ಅಂತ ಹೇಳಿಕೊಂಡರೆ 204ನೇ ಕಲಮಿನದು. ಕೋರ್ಟಿಗೆ ಸಾಕ್ಷ್ಯವಾಗಿ ಕೊಡುವ ವಿಡಿಯೊವನ್ನು ಮೂಲ ಮೆಮೊರಿ ಕಾರ್ಡಲ್ಲೇ ಇಡಿ. ವಾಟ್ಸಾಪಲ್ಲಿ ಕಳಿಸಿದರೆ ಫೈಲ್ ಕುಗ್ಗಿ ಹ್ಯಾಶ್ (ಫೈಲಿನ ಡಿಜಿಟಲ್ ಬೆರಳಚ್ಚು) ಬದಲಾಗುತ್ತೆ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಜೊತೆ ತಾಳೆಯಾಗಲ್ಲ.