ಎಲ್‌ಡಿ ಟೆಸ್ಟ್: 19ಕ್ಕೆ ಮಾಡಿಸಿ ಏನು ಪ್ರಯೋಜನ?

ಮುಂಬಯಿಯ ಭಾಂಡುಪ್‌ನಿಂದ ಒಬ್ಬರು ಓದುಗರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಮಗ ಎಸ್‌ವೈ (ಎರಡನೇ ವರ್ಷ) ಬಿಕಾಂ, ವಯಸ್ಸು 19. ಏಳನೇ ತನಕ ಕನ್ನಡ ಶಾಲೆ, ಆಮೇಲೆ ಇಂಗ್ಲಿಷ್ ಮೀಡಿಯಂ. ಅಕೌಂಟ್ಸ್‌ನಲ್ಲಿ ಎರಡು ಸಲ ಕೆಟಿ ಬಂದಿದೆ, ಅಂದರೆ ಫೇಲಾಗಿ ಆ ಪೇಪರ್ ಬಾಕಿ ಉಳಿದಿದೆ. ಕಾಲೇಜಿನ ಮೇಡಂ ‘ಎಲ್‌ಡಿ (ಲರ್ನಿಂಗ್ ಡಿಸೆಬಿಲಿಟಿ, ಅಂದರೆ ಓದು, ಬರಹ, ಲೆಕ್ಕ ಕಲಿಯುವುದರಲ್ಲಿನ ತೊಡಕು) ಟೆಸ್ಟ್ ಮಾಡಿಸಿ’ ಅಂದರೆ, ಮನೆಯವರು ‘ಸೋಮಾರಿತನಕ್ಕೆ ಹೊಸ ಹೆಸರು’ ಅಂತ ರೇಗಿದರಂತೆ. ಇವರು ಕೇಳಿರುವುದು ಮೂರು: ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತಾ? ಈ ವಯಸ್ಸಲ್ಲಿ ಟೆಸ್ಟ್ ಮಾಡಿಸಿ ಏನು ಪ್ರಯೋಜನ? ನಾಳೆ ಸಂಬಂಧ ನೋಡುವಾಗ ತೊಂದರೆ ಆಗುತ್ತದಾ?

ಅಕ್ಕಾ, ಕನ್ನಡ ಶಾಲೆಯನ್ನು ಮೊದಲು ಬಿಟ್ಟುಬಿಡಿ. ಕಲಿಕೆಯ ತೊಡಕು ಮೀಡಿಯಂನಿಂದ ಬರುವುದಿಲ್ಲ, ಹುಟ್ಟಿನಿಂದಲೇ ಇರುತ್ತದೆ. ಆದರೆ ಕನ್ನಡದಲ್ಲಿ ಅದು ಸುಲಭಕ್ಕೆ ಕಣ್ಣಿಗೆ ಬೀಳದೆ ಇರಬಹುದು. ನಮ್ಮಲ್ಲಿ ಬರೆದ ಹಾಗೇ ಓದುವುದು ತಾನೇ? ಹುಡುಗ ತಪ್ಪಿಲ್ಲದೆ ಓದುತ್ತಾನೆ, ನಿಧಾನಕ್ಕೆ ಓದುತ್ತಾನೆ, ಅಷ್ಟೇ. ಬರೆಯುವಾಗ ಒತ್ತಕ್ಷರ ಬಿಡುತ್ತಾನೆ, ದೀರ್ಘ ತಿನ್ನುತ್ತಾನೆ, ‘ಅವಸರ ಜಾಸ್ತಿ’ ಅಂತ ಟೀಚರ್ ಬೈದು ಮುಂದೆ ಹೋಗುತ್ತಾರೆ. ಇಂಗ್ಲಿಷ್‌ನಲ್ಲಿ ಒಂದೇ ‘ough’ ಸ್ಪೆಲ್ಲಿಂಗ್ ‘ಟಫ್’ನಲ್ಲಿ ಒಂದು ಥರ, ‘ಥ್ರೂ’ನಲ್ಲಿ ಇನ್ನೊಂದು ಥರ. ಅಲ್ಲಿಗೆ ಬಂದಾಗ ಗುಟ್ಟು ರಟ್ಟಾಗುತ್ತದೆ, ಅಪವಾದ ಕನ್ನಡ ಶಾಲೆಯ ತಲೆಗೆ. ಹಾಗಂತ ಇಂಗ್ಲಿಷ್ ಬರದವರಿಗೆಲ್ಲ ಎಲ್‌ಡಿ ಅಂತಲೂ ಅಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡುವುದೇ ಪರೀಕ್ಷೆ ಮಾಡುವವರ ದೊಡ್ಡ ಕೆಲಸ. ಅದಕ್ಕೇ ಮನೆ ಮಾತು ಯಾವುದು, ಎಷ್ಟನೇ ಕ್ಲಾಸಿನ ತನಕ ಯಾವ ಮೀಡಿಯಂ ಅಂತ ಮೊದಲೇ ಹೇಳಿಬಿಡಿ. ಹಳೆಯ ಕನ್ನಡ ನೋಟ್‌ಬುಕ್, ಮಾರ್ಕ್ಸ್‌ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ. ಎರಡು ಭಾಷೆಯಲ್ಲೂ ಒಂದೇ ಥರದ ಎಡವಟ್ಟು ಕಂಡರೆ ಅದಕ್ಕೆ ಬೆಲೆ ಜಾಸ್ತಿ.

ನೀವು ಕಳಿಸಿದ ಅಕೌಂಟ್ಸ್ ಪುಟದ ಫೋಟೋ ನೋಡಿದೆ. ಯಾವುದು ಡೆಬಿಟ್, ಯಾವುದು ಕ್ರೆಡಿಟ್ ಅಂತ ಅವನಿಗೆ ಚೆನ್ನಾಗಿ ಗೊತ್ತಿದೆ, ಒಂದು ಎಂಟ್ರಿಯೂ ಕಡೆ ತಪ್ಪಿಲ್ಲ. 5,430 ಅನ್ನುವುದನ್ನು ಲೆಡ್ಜರ್‌ಗೆ ಎತ್ತಿ ಬರೆಯುವಾಗ 5,340 ಮಾಡಿದ್ದಾನೆ. ಅಲ್ಲಿಂದ ಟ್ರಯಲ್ ಬ್ಯಾಲೆನ್ಸ್‌ನಲ್ಲಿ (ಡೆಬಿಟ್, ಕ್ರೆಡಿಟ್ ಎರಡರ ಮೊತ್ತವೂ ಸಮ ಬರಬೇಕಾದ ಪಟ್ಟಿ) 90 ರೂಪಾಯಿ ವ್ಯತ್ಯಾಸ, ಅದನ್ನು ಹುಡುಕುವುದರಲ್ಲೇ ಪುಟ ಮುಗಿದಿದೆ. ಇದೊಂದನ್ನೇ ನೋಡಿ ಎಲ್‌ಡಿ ಅನ್ನೋಕೆ ಆಗಲ್ಲ, ಯಾರಿಗಾದರೂ ಆಗುವ ತಪ್ಪು. ಆದರೆ ಸೋಮಾರಿ ಇಷ್ಟು ಹುಡುಕುವುದಿಲ್ಲ, ಇದನ್ನು ಯಜಮಾನರಿಗೆ ತೋರಿಸಿ. (ಉಡುಪಿ ಹೋಟೆಲುಗಳಲ್ಲಿ ಲೆಕ್ಕ ಬರೆದ ಹಳಬರಿಗೆ ಒಂದು ಉಪಾಯ ಗೊತ್ತು: ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು, ಮೊದಲು ಅಲ್ಲಿ ನೋಡು ಅಂತ. ಮಗನಿಗೆ ಹೇಳಿಕೊಡಿ, ಟೆಸ್ಟ್ ಆಗಲಿ ಬಿಡಲಿ ಉಪಯೋಗಕ್ಕೆ ಬರುತ್ತದೆ.)

ಇನ್ನು ಟೆಸ್ಟ್. ಸೂಜಿ, ಸ್ಕ್ಯಾನ್ ಏನೂ ಇಲ್ಲ. ಸೈಕಾಲಜಿಸ್ಟ್ ಎದುರು ಕೂರಿಸಿ ಓದಿಸುತ್ತಾರೆ, ಬರೆಸುತ್ತಾರೆ, ಲೆಕ್ಕ ಮಾಡಿಸುತ್ತಾರೆ, ಐಕ್ಯೂ ನೋಡುತ್ತಾರೆ. ಅರ್ಥವೇ ಇಲ್ಲದ ಪದಗಳನ್ನು ಓದಿಸುವುದೂ ಉಂಟು, ಕಂಠಪಾಠದ ಬಲ ಅಲ್ಲಿ ನಡೆಯುವುದಿಲ್ಲವಲ್ಲ, ಅದಕ್ಕೆ. ಒಂದೇ ದಿನಕ್ಕೆ ಮುಗಿಯದೆಯೂ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನವರ ಪರೀಕ್ಷೆ ಹೆಸರುವಾಸಿ, ಆದರೆ ಅದು ಮುಖ್ಯವಾಗಿ ಚಿಕ್ಕ ಮಕ್ಕಳಿಗೆ ಮಾಡಿದ್ದು. ಕಾಲೇಜಿನವರಿಗೆ ಯಾವ ಟೆಸ್ಟ್ ಕೊಡುತ್ತೀರಿ ಅಂತ ಧೈರ್ಯವಾಗಿ ಕೇಳಿ. ಸರ್ಟಿಫಿಕೇಟ್ ಬೇಕಾದರೆ ಸರ್ಕಾರಿ ಆಸ್ಪತ್ರೆಯದ್ದೇ ಆಗಬೇಕು. ಮುಂಬಯಿಯಲ್ಲಿ ಸಯನ್, ಕೆಇಎಂ, ನಾಯರ್ ಈ ಕೆಲಸದಲ್ಲಿ ಪಳಗಿದ ಆಸ್ಪತ್ರೆಗಳು. ಸರದಿ ಉದ್ದ ಇರುತ್ತದೆ, ಈಗಲೇ ಹೆಸರು ಬರೆಸಿ.

19ಕ್ಕೆ ಏನು ಪ್ರಯೋಜನ ಅಂದಿರಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕೆಯ ತೊಡಕೂ ಒಂದು. 2018ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ 8, 14, 18ನೇ ವಯಸ್ಸಲ್ಲಿ ಪರೀಕ್ಷೆ ಮಾಡಬೇಕಿತ್ತು, 18ಕ್ಕೆ ಸಿಕ್ಕ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತಿತ್ತು. 2024ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ, ಈಗ ಹೇಗೆ ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ಹೇಗೂ ನಿಮ್ಮ ಮಗ ತಡ ಮಾಡಿಲ್ಲ. ತೊಡಕಿನ ಪ್ರಮಾಣ 40 ಪರ್ಸೆಂಟ್ ಅಥವಾ ಮೇಲೆ ಅಂತ ಸರ್ಟಿಫಿಕೇಟ್‌ನಲ್ಲಿ ಬಂದರೆ ಸರ್ಕಾರಿ, ಅನುದಾನಿತ ಕಾಲೇಜುಗಳ ಸೀಟಿನಲ್ಲಿ 5 ಪರ್ಸೆಂಟ್ ಮೀಸಲಾತಿಗೆ ಅರ್ಹ. ಕಮ್ಮಿ ಬಂದರೆ? ಬರೆಯುವುದು ಕಷ್ಟ ಅಂತಾದರೆ ಆಗಲೂ ರೈಟರ್ (ನಾವು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದುಕೊಡುವವರು) ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿದೆ. ಅದರ ಮೇಲೆ 2022ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೂ ಮಾಡಿತು.

ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷ, ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಇದು ಯಾರೋ ಮಾಡುವ ಉಪಕಾರ ಅಲ್ಲ. ರೈಟರ್ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ಅಕೌಂಟ್ಸ್‌ನಲ್ಲಿ ಬಾಯಲ್ಲಿ ಹೇಳಿ ಇನ್ನೊಬ್ಬರ ಕೈಯಲ್ಲಿ ಕಾಲಂ ಹಾಕಿಸುವುದು ಸುಮ್ನೆ ಬರುವ ವಿದ್ಯೆ ಅಲ್ಲ, ಮನೆಯಲ್ಲಿ ತಂಗಿಯನ್ನೋ ಗೆಳೆಯನನ್ನೋ ಕೂರಿಸಿಕೊಂಡು ಹಳೆಯ ಪೇಪರ್ ಬಿಡಿಸಿ ನೋಡಲಿ. ನಮ್ಮವರೇ ರೈಟರ್ ಆದರೆ ಅವರ ಓದು ಒಂದು ಮೆಟ್ಟಿಲು ಕೆಳಗಿರಬೇಕು ಅಂತ ಕೇಂದ್ರದ 2018ರ ಮಾರ್ಗಸೂಚಿಯಲ್ಲಿತ್ತು, ಈಗಿನ ನಿಯಮ ಕಾಲೇಜಿನಲ್ಲಿ ಕೇಳಿಕೊಳ್ಳಿ. ನನ್ನ ಕೇಳಿದರೆ ಅಕೌಂಟ್ಸ್‌ಗೆ ಸಮಯ, ಥಿಯರಿಗೆ ರೈಟರ್.

ಪರೀಕ್ಷಾ ಫಾರಂ ತುಂಬುವಾಗಲೇ ಅರ್ಜಿ ಕೊಡಿ. ಒಪ್ಪಿಗೆ ಪತ್ರ ಬರೆಹದಲ್ಲಿ ತೆಗೆದುಕೊಳ್ಳಿ, ಹಾಲ್‌ಗೆ ಹೋಗುವಾಗ ಕೈಯಲ್ಲಿರಲಿ. 2021ರಲ್ಲಿ ಮುಂಬಯಿಯಲ್ಲೇ ಬರವಣಿಗೆಯ ತೊಡಕಿದ್ದ ಒಬ್ಬ ಹುಡುಗಿಗೆ ನೀಟ್ ಪರೀಕ್ಷೆಯಲ್ಲಿ ಆ ಒಂದು ಗಂಟೆ ಕೊಡದೆ ಪೇಪರ್ ಕಿತ್ತುಕೊಂಡರು. ಆದದ್ದು ಅನ್ಯಾಯ ಅಂತ ಸುಪ್ರೀಂ ಕೋರ್ಟ್ ಹೇಳಿತು, ಪರಿಹಾರ ಯೋಚಿಸಿ ಅಂತಲೂ ಹೇಳಿತು, ಮರುಪರೀಕ್ಷೆ ಮಾತ್ರ ಸಿಗಲಿಲ್ಲ.

ಪೇಪರಿಗಿಂತ ದಿನದ ಓದು ಮುಖ್ಯ ಅಲ್ವಾ? ರಿಪೋರ್ಟ್‌ನ ಕೊನೆಯಲ್ಲಿ ಸಲಹೆಗಳಿರುತ್ತವೆ, ಸರ್ಟಿಫಿಕೇಟ್ ಸಿಕ್ಕ ಖುಷಿಯಲ್ಲಿ ಎಷ್ಟೋ ಜನ ಆ ಪುಟ ತಿರುವಿ ನೋಡುವುದೇ ಇಲ್ಲ. ಕಿವಿಯಿಂದ ಬೇಗ ಹತ್ತುತ್ತದೆ ಅಂತಿದ್ದರೆ ಪಾಠವನ್ನು ಫೋನ್ ಓದಿ ಹೇಳಲಿ, ಈಗ ಕನ್ನಡವನ್ನೂ ಓದುತ್ತದೆ. ಕ್ಲಾಸ್ ರೆಕಾರ್ಡ್ ಮಾಡಲು ಮೇಡಂ ಒಪ್ಪಿಗೆ ಕೇಳಿ, ಅವರು ಒಳ್ಳೆಯವರ ಥರ ಕಾಣುತ್ತಾರೆ.

ಸಂಬಂಧದ ವಿಷಯ ನನಗೆ ಅಷ್ಟು ದೊಡ್ಡದು ಅನ್ನಿಸಲಿಲ್ಲ. ಮಾರ್ಕ್ಸ್‌ಕಾರ್ಡ್ ಮೇಲೆ ‘ಎಲ್‌ಡಿ’ ಅಂತ ಅಚ್ಚು ಹಾಕಿ ಊರಿಗೆ ಸಾರುತ್ತಾರೆ ಅಂದುಕೊಂಡಿದ್ದರೆ, ಅಂಥದ್ದಕ್ಕೆ ಕಾರಣವಿಲ್ಲ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವುದು ಅವನ ಇಷ್ಟ. ವಯಸ್ಸಿಗೆ ಬಂದ ಹುಡುಗ, ಅರ್ಜಿಗೆ ಸಹಿ ಹಾಕುವವನೂ ಅವನೇ. ನಾಲ್ಕು ಪುಟದ ನಿಮ್ಮ ಪತ್ರದಲ್ಲಿ ಯಜಮಾನರ ಮಾತಿದೆ, ಮೇಡಂ ಮಾತಿದೆ, ನಾದಿನಿಯ ಮಾತೂ ಇದೆ. ಅವನು ಏನಂದ ಅಂತ ಒಂದು ಸಾಲೂ ಇಲ್ಲ. ಟೆಸ್ಟ್ ಬೇಕಾ ಅಂತ ಅವನನ್ನೇ ಕೇಳಿ. ನನ್ನ ಹತ್ತಿರ ಏನಾದರೂ ಕೇಳುವುದಿದ್ದರೆ ಬರೆಯಬೇಕು ಅಂತಿಲ್ಲ, ಫೋನ್‌ನಲ್ಲಿ ಮಾತಾಡಿ ರೆಕಾರ್ಡ್ ಕಳಿಸಲಿ, ಸಾಕು.